ಹಳೆ ಎಲ್‌ಪಿಯಲ್ಲಿ ‘ದಿಸ್ ಕ್ರಿಸ್‌ಮಸ್’ ಯಾಕಿಲ್ಲ?

ಪ್ರಶ್ನೆ: ಹಲವು ಗಾಯಕರ ಹಾಡುಗಳ ಸಂಕಲನ ‘ಸೋಲ್ ಕ್ರಿಸ್‌ಮಸ್’ ಸಿಡಿಯಲ್ಲಿ ಅಮೆರಿಕದ ಗಾಯಕ ಡಾನಿ ಹ್ಯಾಥವೇ ಅವರ ‘ದಿಸ್ ಕ್ರಿಸ್‌ಮಸ್’ ಹಾಡಿದೆ. ಅದೇ ಸಂಕಲನದ, ಆಟ್ಕೋ ರೆಕಾರ್ಡ್ ಕಂಪನಿಯ ಹಳೆ ಎಲ್‌ಪಿಯಲ್ಲಿ (ಹಲವು ಹಾಡುಗಳ ಗ್ರಾಮಫೋನ್ ತಟ್ಟೆ) ಇಲ್ಲ. ನಕಲಿ ಎಲ್‌ಪಿಯೇ? ಸಿಡಿಯ ಹಾಡು ಮೊನೊವೋ (ಎಡ-ಬಲ ಎರಡರಲ್ಲೂ ಒಂದೇ ಸದ್ದು) ಸ್ಟೀರಿಯೊವೋ (ಎರಡರಲ್ಲೂ ಬೇರೆ ಬೇರೆ ಸದ್ದು) ತಿಳಿಯುವುದು ಹೇಗೆ?

ಉತ್ತರ 1: ನಕಲಿಯಲ್ಲ. ಎಲ್‌ಪಿ ಬಂದದ್ದು 1968ರಲ್ಲಿ, ಈ ಹಾಡು ಸಿಂಗಲ್ (ಬದಿಗೊಂದೇ ಹಾಡಿನ ಚಿಕ್ಕ ತಟ್ಟೆ) ಆಗಿ ಬಂದದ್ದು 1970ರಲ್ಲಿ. ಅದರ ಹಿಂಬದಿಯಲ್ಲಿ ‘ಬಿ ದೇರ್’ ಹಾಡು. ಹ್ಯಾಥವೇ ಅವರು ನಡೀನ್ ಮೆಕಿನರ್ ಜೊತೆ ಬರೆದ ಈ ಅದ್ಭುತ ಹಾಡು ಆಗ ಹೆಚ್ಚು ಓಡಲಿಲ್ಲ. ‘ಸೋಲ್ ಕ್ರಿಸ್‌ಮಸ್’ನ 1991ರ ಪರಿಷ್ಕೃತ ಮರುಬಿಡುಗಡೆಗೆ ಸೇರಿದ ಮೇಲೆ ಮನೆಮಾತಾಯಿತು.

ಉತ್ತರ 2: ಮೊನೊ ಪರೀಕ್ಷೆ ಸುಲಭ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಎಡ-ಬಲ ಚಾನೆಲ್ ಬೇರ್ಪಡಿಸಿ, ಒಂದನ್ನು ಇನ್ವರ್ಟ್ ಮಾಡಿ (ಧ್ವನಿ ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಮೊನೊ ಆಗಿ ಬೆರೆಸಿ. ಏನೂ ಕೇಳಿಸದಿದ್ದರೆ ಮೊನೊ. ನಡುವಿನ ದನಿ ಕರಗಿ ಪಕ್ಕದ ವಾದ್ಯಗಳು ಉಳಿದರೆ ಸ್ಟೀರಿಯೊ. ಹಾಡನ್ನು ವಿನೈಲ್‌ನಿಂದ (ಗ್ರಾಮಫೋನ್ ತಟ್ಟೆಯಿಂದ) ಇಳಿಸಿದ್ದಾದರೆ ಚಟಪಟ ಸದ್ದು ಹೇಗೂ ಉಳಿಯುತ್ತದೆ, ಅದನ್ನು ಸ್ಟೀರಿಯೊ ಎಂದುಕೊಳ್ಳಬೇಡಿ. ಎರಡು ಚಾನೆಲ್‌ಗಳ ಮಟ್ಟ ತುಸು ಬೇರೆಯಿದ್ದರೂ ಸದ್ದು ಪೂರ್ತಿ ಅಳಿಯದು. ಮೊದಲು ಮಟ್ಟ ಸರಿಹೊಂದಿಸಿ.

ಉತ್ತರ 3: ಪ್ರಶ್ನೆಗೆ ಹೊರತಾದ ಮಾತು: ಅದೇ ಕಾಲದ ಇನ್ನೊಂದು ಕ್ರಿಸ್‌ಮಸ್ ಎಲ್‌ಪಿಯಾದ, ಬುಕರ್ ಟಿ. ಆ್ಯಂಡ್ ದಿ ಎಂಜೀಸ್ ವಾದ್ಯತಂಡದ ‘ಇನ್ ದ ಕ್ರಿಸ್‌ಮಸ್ ಸ್ಪಿರಿಟ್’ ಹುಡುಕುವವರು ಹೊದಿಕೆ ನೋಡಿ: 1966ರದರಲ್ಲಿ ಕೀಲಿಮಣೆಯ ಮೇಲೆ ಬರೀ ಕೈಗಳು, 1967ರದರಲ್ಲಿ ಸಾಂಟಾ. ಮೊದಲಿನದೇ ಅಪರೂಪ.