ಅಪ್‌ಡೇಟ್: ಅಪ್ಪನಿಗೆ ಇನ್ನು ಆಸ್ಪಿರಿನ್ ಒಂದೇ ಸಾಕಂತೆ

ಅಪ್ಪನಿಗೆ ಹೊಟ್ಟೆಯ ಮಹಾಪಧಮನಿ ಊದಿಕೊಂಡು, ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ (ನಾಳದೊಳಗೆ ಕೂರಿಸುವ, ಬಟ್ಟೆ ಹೊದಿಸಿದ ಕೊಳವೆ) ಹಾಕಿಸಿದ್ದೆವು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಎರಡನ್ನೂ ಕೊನೆವರೆಗೆ ತಗೋಬೇಕಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊನ್ನೆ ಜಯನಗರದಲ್ಲಿ ವ್ಯಾಸ್ಕುಲರ್ ಸರ್ಜನ್ ನೋಡಿದರು. ಕ್ಲೋಪಿಡೋಗ್ರೆಲ್ ನಿಲ್ಲಿಸಿ, ಆಸ್ಪಿರಿನ್ 75 ಮಿಲಿಗ್ರಾಂ ಮಾತ್ರ ಮುಂದುವರಿಸಿ ಅಂದರು. ಕಾರಣ ಚೆನ್ನಾಗಿ ಬಿಡಿಸಿ ಹೇಳಿದರು. ಮಹಾಪಧಮನಿ ದೊಡ್ಡ ನಾಳ, ರಕ್ತ ರಭಸವಾಗಿ ಹರಿಯುತ್ತದೆ. ಹೃದಯದ ಸಣ್ಣ ಸ್ಟೆಂಟಿನ ಹಾಗೆ ಅದು ಸುಲಭವಾಗಿ ಹೆಪ್ಪುಗಟ್ಟಿ ಮುಚ್ಚುವುದಿಲ್ಲ. ಆಸ್ಪಿರಿನ್ ಇರುವುದು ಮುಖ್ಯವಾಗಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ತಡೆಯೋಕೆ. ಇಂಥ ರೋಗಿಗಳಿಗೆ ಬೇರೆ ರಕ್ತನಾಳಗಳೂ ಹಾಳಾಗಿರುವುದು ಜಾಸ್ತಿ ಅಲ್ವಾ. ಆದರೆ ಹೃದಯಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕವೇ ಬೇರೆ. ಅವರು ನಮ್ಮನ್ನು ನೋಡಿ ಮಾತ್ರೆ ಬಿಡಬೇಡಿ.

ಹಲ್ಲು ಕೀಳಿಸೋದಕ್ಕೆ ಆಸ್ಪಿರಿನ್ ನಿಲ್ಲಿಸೋದು ಬೇಡ, ಡೆಂಟಿಸ್ಟ್‌ಗೆ ಮೊದಲೇ ತಿಳಿಸಿದರೆ ಸಾಕು ಅಂದರು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ಡೈಕ್ಲೋಫೆನಾಕ್ ತಂದು ನುಂಗಬಾರದು, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇದನ್ನು ಅಪ್ಪನಿಗೆ ಒಪ್ಪಿಸೋದೇ ಕಷ್ಟ!

ಸಿಟಿ ಸ್ಕ್ಯಾನ್‌ನಲ್ಲಿ ಟೈಪ್ 2 ಎಂಡೋಲೀಕ್ ಸ್ವಲ್ಪ ಕಂಡಿದೆ. ಅಂದರೆ ಪಕ್ಕದ ಸಣ್ಣ ನಾಳದಿಂದ ಊತದ ಚೀಲಕ್ಕೆ ರಕ್ತ ಹಿಂದಕ್ಕೆ ಬರುತ್ತಿದೆ. ಚೀಲ ದೊಡ್ಡದಾಗಿಲ್ಲ, ಹಾಗಾಗಿ ಸದ್ಯಕ್ಕೆ ಕಾದು ನೋಡೋದು. ಮುಂದಿನ ಸ್ಕ್ಯಾನ್‌ಗೆ ಡೈ (ನಾಳಗಳು ಚೆನ್ನಾಗಿ ಕಾಣಲು ಕೊಡುವ ಔಷಧಿ) ಹಾಕುವ ಮೊದಲು ಕ್ರಿಯಾಟಿನಿನ್ ಅನ್ನೋ ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿಕೊಂಡು ಬರಬೇಕಂತೆ.