ನೋಡಲೇಬೇಕಾದ ಹತ್ತು

"ಲಂಡನ್ನಿನಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ಅಷ್ಟೇ ರಾಯರೇ. ಮಗಳು ಪಟ್ಟಿ ಕಳಿಸಿದ್ದಾಳೆ. ಬ್ರೈಟನ್‌ನಲ್ಲಿ ನೋಡಲೇಬೇಕಾದ ಹತ್ತು ಜಾಗಗಳು." ವೆಂಕಟೇಶ ಮೊಬೈಲು ಮುಂದೆ ಹಿಡಿದ.

"ನೋಡದಿದ್ರೆ? ವೀಸಾ ಕಿತ್ಕೋತಾರಾ?"

"ಸುಮ್ನಿರಿ. ಮೊದಲನೆಯದು ರಾಯಲ್ ಪೆವಿಲಿಯನ್ ಅರಮನೆ. ಗುಮ್ಮಟ ನೋಡಿ!"

ಪುಟ್ಟಣ್ಣ ಕನ್ನಡಕ ಸರಿ ಮಾಡಿಕೊಂಡ. "ಇದು ನಮ್ಮ ಕಡೇದೇ ಅಲ್ವಾ?"

"ನಮ್ಮ ಕಡೇದು ಅಂದ್ಕೊಂಡು ಕಟ್ಟಿದ್ದು" ಎಂದರು ರಾಯರು. "ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜನಿಗೆ ಹೊರಗೆ ಹಿಂದೂಸ್ತಾನ ಬೇಕಿತ್ತು, ಒಳಗೆ ಚೀನಾ. 1815ರಲ್ಲಿ ಜಾನ್ ನ್ಯಾಶ್ ಕೆಲಸ ಶುರು ಮಾಡಿದ. ಆಸಾಮಿ ಇಂಡಿಯಾಕ್ಕೆ ಕಾಲೇ ಇಟ್ಟಿರಲಿಲ್ಲ. ಅವನ ಪಟ್ಟಿಯಲ್ಲಿ ಇಂಡಿಯಾ ಹನ್ನೊಂದನೆಯದಿರಬೇಕು."

"ನಮ್ಮ ಮೈಸೂರು ಅರಮನೆಗೆ ನಕ್ಷೆ ಹಾಕಿದ ಇರ್ವಿನ್ ಕೂಡ ಅವರ ಕಡೆಯವನೇ. ಚಾಮರಾಜನಗರದ ಪ್ಯಾಸೆಂಜರ್ ಹತ್ತಿದರೆ ಸಾಕಿತ್ತು!" ಪುಟ್ಟಣ್ಣ ಲೆಕ್ಕ ಹಾಕಿದ.

"ಎರಡನೆಯದು ಬೀಚು" ವೆಂಕಟೇಶ ಬಿಡಲಿಲ್ಲ.

"ಚಪ್ಪಲಿ ಬಿಡಬೇಡ. ಮರಳಿಲ್ಲ, ಬರೀ ಕಲ್ಲು. ಆ ಊರಿಗೆ ಜನ ಹೋಗೋಕೆ ಶುರು ಮಾಡಿದ್ದೇ ಡಾಕ್ಟರ್ ಮಾತು ಕೇಳಿ. ಹದಿನೆಂಟನೇ ಶತಮಾನದಲ್ಲಿ ರಿಚರ್ಡ್ ರಸೆಲ್ ಅಂತ ಒಬ್ಬ ಇದ್ದ. ಸಮುದ್ರದಲ್ಲಿ ಮೀಯಿರಿ ಅಂದ, ಸರಿ. ಅದನ್ನೇ ಕುಡೀರಿ ಅಂತಲೂ ಅಂದ! ಕುಡಿದರು."

"ಆಮೇಲೆ?"

"ಊರು ಉದ್ಧಾರ ಆಯ್ತು. ಕುಡಿದವರನ್ನ ಕೇಳಬೇಡ."

"ವೆಸ್ಟ್ ಪಿಯರ್? ಸಮುದ್ರದೊಳಕ್ಕೆ ಚಾಚಿದ ಕಟ್ಟೆಯಂತೆ."

"1866ರಲ್ಲಿ ತೆರೆದರು, 1975ರಲ್ಲಿ ಮುಚ್ಚಿದರು, 2003ರಲ್ಲಿ ಬೆಂಕಿ ಬಿತ್ತು. ಸಮುದ್ರದೊಳಗೆ ಕಬ್ಬಿಣದ ಅಸ್ಥಿಪಂಜರ ನಿಂತಿದೆ. ಇಲ್ಲದೇ ಇರೋದನ್ನೂ ನೋಡಲೇಬೇಕಂತೆ!"

"ಮೇಲೆ ಹೋಗಿ ಊರು ನೋಡೋ ಐ360 ಗೋಪುರ, 162 ಮೀಟರ್..."

"2024ರ ಕೊನೆಯಲ್ಲಿ ಅದಕ್ಕೆ ಬಾಗಿಲು ಹಾಕಿದ್ದರು. ಈಗ ತೆರೆದಿದೆಯೋ ಕೇಳ್ಕೊಂಡು ಹೋಗು ಮಾರಾಯ. ಒಂದು ಸುಟ್ಟಿದ್ದು, ಒಂದು ಬಾಗಿಲು ಹಾಕಿಸಿಕೊಂಡದ್ದು, ಒಂದು ನಮ್ಮದೇ ನಕಲು. ಅದೇ ಊರಿನಲ್ಲಿ ಪಟ್ನಾದ ದೀನ್ ಮಹಮ್ಮದ್ ಹಬೆಸ್ನಾನದ ಮನೆ ಇಟ್ಟಿದ್ದ. ರಾಜನಿಗೇ ಮಾಲೀಶು. ಅಲ್ಲೇ ಸತ್ತ, ಅಲ್ಲೇ ಮಣ್ಣಾದ. ಅವನ ಸಮಾಧಿ ಇದೆಯಾ ಪಟ್ಟಿಯಲ್ಲಿ?"

ವೆಂಕಟೇಶ ಬೆರಳಲ್ಲಿ ಮೇಲೆ ಕೆಳಗೆ ಉಜ್ಜಿದ. "ಇಲ್ಲ. ಎಂಟನೆಯದು ಐಸ್‌ಕ್ರೀಮು."

"ಛತ್ರಿ?"

"ಮಳೆಗಾ?"

ರಾಯರು ನಗಲಿಲ್ಲ. "ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳನ್ನ ಇದೇ ಅರಮನೆಗೆ ತಂದು ಮಲಗಿಸಿದರು. ಆ ಸುಳ್ಳು ಗುಮ್ಮಟದ ಕೆಳಗೇ ಆಸ್ಪತ್ರೆ. ಜಾತಿಗೊಂದು ಧರ್ಮಕ್ಕೊಂದು ಅಂತ ಅಡಿಗೆಮನೆ ಬೇರೆ ಬೇರೆ. ಅಷ್ಟೂ ಮುತುವರ್ಜಿ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂಗಳು, ಸಿಖ್ಖರು, ಒಟ್ಟು 53 ಜನರನ್ನ ಊರಾಚೆ ಗುಡ್ಡದ ಮೇಲೆ ಸುಟ್ಟರು. ಬೂದಿ ಸಮುದ್ರಕ್ಕೆ. ಮುಸಲ್ಮಾನರನ್ನ ಲಂಡನ್ ಹತ್ತಿರದ ವೋಕಿಂಗ್‌ನಲ್ಲಿ ಮಣ್ಣು ಮಾಡಿದರು. ಗುಡ್ಡದ ಮೇಲೆ ಅವರ ನೆನಪಿಗೆ 1921ರಲ್ಲಿ ಬಿಳಿ ಅಮೃತಶಿಲೆಯ ಛತ್ರಿ, ಅಂದರೆ ಗುಮ್ಮಟದ ಮಂಟಪ, ಎದ್ದಿತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಮನೆಯವರಿಗೆ ಕಾಗದ ಹೋಗಿರುತ್ತೆ ಅಲ್ವಾ?" ಎಂದ ಪುಟ್ಟಣ್ಣ.

"ಹೋಗಿರುತ್ತೆ. ಓದಿ ಹೇಳೋಕೆ ಊರಲ್ಲಿ ಯಾರಾದ್ರೂ ಇದ್ದಿರಬೇಕು."

ವೆಂಕಟೇಶ ಪಟ್ಟಿಗೆ ಏನೋ ಸೇರಿಸತೊಡಗಿದ.

"ಏ, ಅದನ್ನ ಹನ್ನೊಂದನೆಯದು ಅಂತ ಬರೀಬೇಡ!"

"ಇಲ್ಲ ರಾಯರೇ, ಐಸ್‌ಕ್ರೀಮು ಅಳಿಸಿ ಅಲ್ಲಿ ಹಾಕ್ತೀನಿ. ಗುಡ್ಡದ ಮೇಲಿನವರೆಗೆ ಬಸ್ ಇದೆಯಾ?"

"ನಡೀಬೇಕು."

"ನಡೆಯೋದಾ?" ವೆಂಕಟೇಶ ಹೆಂಡತಿಯ ಮುಖ ನೋಡಿದ. "ಹಾಗಾದ್ರೆ ಐಸ್‌ಕ್ರೀಮೂ ಇರಲಿ."