ಕಳುವಾದ ಲ್ಯಾಬ್ ಫೈಲು ಬಡಾವಣೆ ಗುಂಪಿಗೆ ಬಂತು, ನಾನೂ ನೋಡಿಬಿಟ್ಟೆ. ಈಗೇನು ಮಾಡಲಿ?

ಹಳೆಯ_ಲೆಡ್ಜರ್ (ಮೈಸೂರು)

ನಮಸ್ಕಾರ. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕಡೆಯವರು ರಕ್ತಪರೀಕ್ಷೆಗೆ ಹೋಗುವ ಒಂದು ಲ್ಯಾಬಿನಿಂದ ಗ್ರಾಹಕರ ಮಾಹಿತಿ ಕಳುವಾಗಿದೆ. ಆ ಎಕ್ಸೆಲ್ ಫೈಲನ್ನು ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಒಬ್ಬ ಹುಡುಗ ಹಾಕಿದ. "ನಿಮ್ಮ ಹೆಸರು ಇದೆಯಾ ನೋಡ್ಕೊಳ್ಳಿ" ಅಂತ. ಕೆಟ್ಟ ಹುಡುಗನಲ್ಲ. 2021ರಲ್ಲಿ ಆಕ್ಸಿಜನ್ ಸಿಲಿಂಡರ್ ಹೊತ್ತು ಮನೆಮನೆ ತಿರುಗಿದವನು ಅವನೇ. ಈಗಲೂ ಒಳ್ಳೆಯದೇ ಮಾಡಿದೆ ಅಂದುಕೊಂಡಿದ್ದಾನೆ. ಗುಂಪಿನಲ್ಲಿ 240 ಜನ ಇದ್ದೇವೆ.

ಹೆಸರು, ವಯಸ್ಸು, ಮೊಬೈಲು, ಯಾವ ಪರೀಕ್ಷೆ, ಬರೆದುಕೊಟ್ಟ ಡಾಕ್ಟರು ಯಾರು, ಎಲ್ಲ ಸಾಲಾಗಿ ಇದೆ. ಮೊದಲು ನನ್ನ ನಂಬರು ಹಾಕಿ ನೋಡಿದೆ, ನನ್ನ ಸಕ್ಕರೆ ಪರೀಕ್ಷೆ ಸಿಕ್ಕಿತು. ಅಲ್ಲಿಗೆ ಮುಚ್ಚಿಬಿಡಬೇಕಿತ್ತು. ಮುಚ್ಚಲಿಲ್ಲ. ಪಕ್ಕದ ಮನೆ ಹುಡುಗಿಯ ಹೆಸರು ಹುಡುಕಿದೆ. ಕಣ್ಣಿಗೆ ಬಿತ್ತು ಅಂದರೆ ಸುಳ್ಳಾಗುತ್ತದೆ, ಹೆಸರು ಟೈಪ್ ಮಾಡಿಯೇ ಹುಡುಕಿದೆ. ಸಿಕ್ಕಿದ ಪರೀಕ್ಷೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಮನೆಯಲ್ಲಿ ಈಗ ಮದುವೆ ಮಾತುಕತೆ ನಡೀತಿದೆ.

ಬ್ಯಾಂಕಿಗೆ ಸೇರಿದ ದಿನ ನಾವು ನಿಷ್ಠೆ ಮತ್ತು ಗೌಪ್ಯತೆಯ ಘೋಷಣೆಗೆ ಸಹಿ ಹಾಕುತ್ತಿದ್ದೆವು. ಸಹಿ ಹಾಕಿದ್ದು ಮರೆತೇಹೋಗಿತ್ತು, ಅದರ ಅರ್ಥ ಕಲಿಸಿದವರು ನನ್ನ ಮೊದಲ ಮ್ಯಾನೇಜರು. ಚಾಮರಾಜನಗರದ ಕಡೆಯ ಶಾಖೆ. ಒಬ್ಬ ಯಜಮಾನರು ಬಂದು, ಮಗಳನ್ನು ಕೊಡಬೇಕೆಂದಿರುವ ಹುಡುಗನ ಖಾತೆಯಲ್ಲಿ ಎಷ್ಟಿದೆ, ಸಾಲ ಇದೆಯಾ ಅಂತ ಕೇಳಿದರು. ಮ್ಯಾನೇಜರು ಕಾಫಿ ತರಿಸಿಕೊಟ್ಟರು, ಅರ್ಧ ಗಂಟೆ ಮಳೆ ಬೆಳೆ ಮಾತಾಡಿದರು, ಬಾಗಿಲವರೆಗೆ ಕಳಿಸಿಬಂದರು, ಒಂದು ಅಂಕಿಯನ್ನೂ ಬಾಯಿ ಬಿಡಲಿಲ್ಲ. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಲೆಡ್ಜರ್ ನಮ್ಮದು ಕಣಯ್ಯ, ಒಳಗಿರೋದು ಅವರದು." ಅಂಥವರ ಕೈಕೆಳಗೆ ಕೆಲಸ ಕಲಿತ ನಾನು ಭಾನುವಾರ ಹೀಗೆ ಮಾಡಿದೆ.

ನನ್ನ ಪ್ರಶ್ನೆ ಎರಡು. ಫೈಲು ಹೇಗೂ ಹೊರಗೆ ಬಂದಾಯಿತಲ್ಲ, ಹಂಚಿದರೆ ಹೊಸದೇನು ಹಾನಿ ಅನ್ನುತ್ತಾರೆ ಕೆಲವರು; ಇದು ಸರಿಯೇ? ಎರಡನೆಯದು, ಪಕ್ಕದ ಮನೆಯವರಿಗೆ ನಾನು ಹೇಳಬೇಕೇ? ಯಾರಿಗೆ, ಏನಂತ?

ಕಾವಲು_ಬೆಂಗಳೂರು

ಸರ್, ಇದೇ ನನ್ನ ಕೆಲಸ, ಕಂಪನಿಗಳ ದತ್ತಾಂಶ ಕಾಯೋದು. ಮೊದಲು ಗುಂಪಿನ ಅಡ್ಮಿನ್‌ಗೆ ಹೇಳಿ ಎಲ್ಲರಿಗೂ ಅಳಿಯುವ ಹಾಗೆ ಆ ಮೆಸೇಜ್ ಡಿಲೀಟ್ ಮಾಡಿಸಿ. ಡೌನ್‌ಲೋಡ್ ಮಾಡಿಕೊಂಡವರ ಫೋನಿನಿಂದ ಅದು ಹೋಗಲ್ಲ, ಆದರೂ ಮಾಡಿಸಿ.

"ಹೇಗೂ ಹೊರಗೆ ಬಂದಾಯಿತು" ಅನ್ನೋದು ತಪ್ಪು. ಕಳ್ಳರ ಸಂತೆಯಲ್ಲಿರೋ ಫೈಲಿಗೆ ನಿಮ್ಮ ಪಕ್ಕದ ಮನೆ ಹುಡುಗಿ ಲಕ್ಷದಲ್ಲಿ ಒಂದು ಸಾಲು. ನಿಮ್ಮ ಬಡಾವಣೆ ಗುಂಪಿನಲ್ಲಿ ಆಕೆಗೆ ಮುಖ ಇದೆ, ಮನೆ ಇದೆ, ಗೊತ್ತಿರೋ ಅಪ್ಪ ಅಮ್ಮ ಇದ್ದಾರೆ. ಪರಿಚಯದವರ ಮಧ್ಯೆ ಬಂದಾಗಲೇ ಅದು ಇರಿಯೋದು.

2015ರಲ್ಲಿ ಆಶ್ಲೇ ಮ್ಯಾಡಿಸನ್ ಅನ್ನೋ ಕೆನಡಾದ ತಾಣದ ಗ್ರಾಹಕರ ಪಟ್ಟಿ ಕದ್ದು ಬಯಲಿಗೆ ಹಾಕಿದರು. ಮದುವೆಯಾದವರಿಗೆ ಹೊರಸಂಬಂಧ ಹುಡುಕಿಕೊಡುವ ತಾಣ. ಇಮೇಲ್ ಹಾಕಿ ನೋಡೋ ಪುಟಗಳು ಕೂಡಲೇ ಹುಟ್ಟಿಕೊಂಡವು. ಸಿಡ್ನಿಯ ಒಂದು ರೇಡಿಯೋದಲ್ಲಿ ಕರೆ ಮಾಡಿದ ಹೆಂಗಸಿನ ಗಂಡನ ವಿವರವನ್ನು ನೇರ ಪ್ರಸಾರದಲ್ಲೇ ಹುಡುಕಿ ಹೇಳಿದರು. ಆದರೆ ಆ ತಾಣ ಇಮೇಲ್ ಯಾರದ್ದೆಂದು ಪರೀಕ್ಷಿಸುತ್ತಲೇ ಇರಲಿಲ್ಲ, ಯಾರ ವಿಳಾಸವನ್ನು ಯಾರು ಬೇಕಾದರೂ ಕೊಡಬಹುದಿತ್ತು. ಸೋರಿಕೆಯಲ್ಲಿ ನಮ್ಮ ಇಮೇಲ್ ಇದೆಯಾ ಅಂತ ತಿಳಿಸೋ ಹ್ಯಾವ್ ಐ ಬೀನ್ ಪೋನ್ಡ್ ತಾಣ ನಡೆಸೋ ಟ್ರಾಯ್ ಹಂಟ್ ಬೇರೆ ದಾರಿ ಹಿಡಿದರು. ಇಮೇಲ್ ತನ್ನದೇ ಅಂತ ತೋರಿಸಿಕೊಟ್ಟವರಿಗೆ ಮಾತ್ರ, ಅವರ ಬಗ್ಗೆ ಮಾತ್ರ ತಿಳಿಸಿದರು. ಅಂಥ ಸೋರಿಕೆಯನ್ನು ಬೇರೆಯವರು ಹುಡುಕೋಕೆ ಬಿಡಲಿಲ್ಲ. ಆ ಹುಡುಗ ಅನುಸರಿಸಬೇಕಾಗಿದ್ದು ಇದನ್ನೇ.

ಇನ್ನೊಂದು ವಿಷಯ. ನಮ್ಮಲ್ಲಿ ಒಂದು ಮನೆಗೆಲ್ಲ ಒಂದೇ ಮೊಬೈಲ್ ನಂಬರು ಕೊಟ್ಟಿರ್ತೀವಿ. ನಮ್ಮಮ್ಮನ ಎರಡು ಪರೀಕ್ಷೆ ನನ್ನ ಹೆಸರಲ್ಲೇ ಬಿಲ್ ಆಗಿವೆ. ನೀವು ನೋಡಿದ್ದು ಆ ಹುಡುಗಿಯದ್ದೇ ಅಂತ ಹೇಗೆ ಹೇಳ್ತೀರಿ?

ಹಳೆಯ_ಲೆಡ್ಜರ್ (ಮೈಸೂರು)

ಇದು ನನಗೆ ಹೊಳೆದೇ ಇರಲಿಲ್ಲ. ಮೂರು ದಿನದಿಂದ ಆ ಮಗುವಿನ ಬಗ್ಗೆ ಮನಸ್ಸಿನಲ್ಲಿ ಏನೇನೋ ತೀರ್ಮಾನ ಮಾಡಿಕೊಂಡು ಕೂತಿದ್ದೇನೆ.

ದಾವಣಗೆರೆ_ಮಗಳು

ನಾನು ಆ ಹುಡುಗನ ಪರ. ನೀವೆಲ್ಲ ಬಯ್ಯೋ ಮುಂಚೆ ಇದನ್ನ ಕೇಳಿ. ಹೋದ ವರ್ಷ ನಮ್ಮಪ್ಪಾಜಿ ಮಾಡಿಸಿದ್ದ ಸ್ಕ್ಯಾನಿನ ಹೆಸರು, ದಿನ, ಡಾಕ್ಟರ ಹೆಸರು ಎಲ್ಲ ಹೇಳಿ ಒಬ್ಬ ಫೋನ್ ಮಾಡಿದ. ಇಷ್ಟೆಲ್ಲ ಗೊತ್ತಿದ್ದ ಮೇಲೆ ಆಸ್ಪತ್ರೆಯವನೇ ಇರಬೇಕು ಅಂತ ಅಪ್ಪಾಜಿ ನಂಬಿದ್ರು, 46 ಸಾವಿರ ಹೋಯ್ತು. ಸೈಬರ್ ವಂಚನೆ ದೂರಿನ 1930ಕ್ಕೆ ಫೋನ್ ಮಾಡೋ ಹೊತ್ತಿಗೆ ತಡ ಆಗಿತ್ತು. ಮಾಹಿತಿ ಸೋರಿದ್ದು ಆ ಸಂಸ್ಥೆಗೆ ಮೊದಲೇ ಗೊತ್ತಿತ್ತು. ನಮಗೆ ಒಂದು ಮೆಸೇಜ್ ಕಳಿಸಲಿಲ್ಲ. ಯಾರಾದ್ರೂ ನಮ್ಮ ಗುಂಪಿಗೆ ಅವತ್ತು ಆ ಫೈಲ್ ಹಾಕಿದ್ರೆ ಅಪ್ಪಾಜಿ ಎಚ್ಚೆತ್ಕೊತಿದ್ರು. ಬಾಧಿತರಿಗೆಲ್ಲ ತಿಳಿಸಬೇಕು, ಇಲ್ಲಾಂದ್ರೆ 200 ಕೋಟಿವರೆಗೆ ದಂಡ ಅಂತ 2023ರ ದತ್ತಾಂಶ ರಕ್ಷಣೆ ಕಾಯ್ದೆ ಹೇಳುತ್ತೆ. ಅದರ ನಿಯಮ ಬಂದದ್ದು 2025ರ ನವೆಂಬರಿನಲ್ಲಿ, ಅದಕ್ಕೂ ಮತ್ತೆ 18 ತಿಂಗಳ ಗಡುವು. ಅಲ್ಲಿವರೆಗೆ ಜನ ಏನು ಮಾಡ್ಬೇಕು?

ಎಸ್ಪೋ_ಕನ್ನಡಿಗ

ಅಕ್ಕ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಸೋರಿಕೆಯ ಸುದ್ದಿ ಬೇರೆ, ಸೋರಿದ ಸಾಲುಗಳು ಬೇರೆ. ನಾನಿರುವ ಫಿನ್ಲೆಂಡಿನಲ್ಲಿ ವಸ್ತಾಮೋ ಅನ್ನುವ ಮನೋಚಿಕಿತ್ಸಾ ಕೇಂದ್ರದ ಸುಮಾರು 33,000 ರೋಗಿಗಳ ದಾಖಲೆ ಕದ್ದಿದ್ದರು. 2020ರಲ್ಲಿ ಸಂಸ್ಥೆಯಿಂದ 40 ಬಿಟ್‌ಕಾಯಿನ್ ಕೇಳಿದರು. ಕೊಡದಿದ್ದಾಗ ಚಿಕಿತ್ಸಕರ ಮುಂದೆ ಜನ ಬಿಚ್ಚಿಟ್ಟ ಮಾತುಗಳನ್ನು ದಿನಕ್ಕೆ ನೂರು ಜನರಂತೆ ಹೊರಗೆ ಹಾಕತೊಡಗಿದರು, ಆಮೇಲೆ ಒಬ್ಬೊಬ್ಬ ರೋಗಿಗೂ 200 ಯೂರೋ ಕೊಡಿ ಅಂತ ಬರೆದರು. ಇಡೀ ದೇಶಕ್ಕೆ ಸಂಸ್ಥೆಯ ಹೆಸರು ಗೊತ್ತಾಯಿತು, ಅದು ದಿವಾಳಿಯೂ ಆಯಿತು. ಅದಕ್ಕೆ ಯಾವ ರೋಗಿಯ ಗುಟ್ಟೂ ಬೇಕಾಗಲಿಲ್ಲ. ನಿಮ್ಮ ಅಪ್ಪಾಜಿಗೆ ಬೇಕಿದ್ದದ್ದೂ "ಇಂಥ ಆಸ್ಪತ್ರೆಯಿಂದ ಮಾಹಿತಿ ಸೋರಿದೆ, ಫೋನ್ ನಂಬಬೇಡಿ" ಅನ್ನುವ ಒಂದು ಸಾಲು.

ದಾವಣಗೆರೆ_ಮಗಳು

ಒಪ್ಪಿದೆ. ಆ ಒಂದು ಸಾಲೂ ಯಾರೂ ಹೇಳಲಿಲ್ಲ ಅನ್ನೋದೇ ನನ್ನ ನೋವು.

ಹಳೆಯ_ಲೆಡ್ಜರ್ (ಮೈಸೂರು)

ಎಲ್ಲರಿಗೂ ವಂದನೆ. ನಿನ್ನೆ ಆದದ್ದು ಹೇಳುತ್ತೇನೆ.

ಆ ಹುಡುಗನನ್ನು ಮನೆಗೆ ಕರೆದು ಮ್ಯಾನೇಜರ ಕಥೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ. ಫೈಲು ಅಳಿಸಿಸಿದ. ಅದರ ಜಾಗದಲ್ಲಿ ಲ್ಯಾಬಿನ ಹೆಸರು ಮತ್ತು ವಂಚನೆ ಕರೆಗಳ ಎಚ್ಚರಿಕೆ ಮಾತ್ರ ಇರುವ ಮೆಸೇಜ್ ಹಾಕಿದ.

ಪಕ್ಕದ ಮನೆಯಲ್ಲಿ ಅಪ್ಪನಿಗೆ ಹೇಳಲಿಲ್ಲ, ಹುಡುಗಿಗೇ ಹೇಳಿದೆ. ಮಾಹಿತಿ ಅವಳದು. ಸಂಜೆ ಗೇಟಿನ ಹತ್ತಿರ ನಿಲ್ಲಿಸಿ, "ಪುಟ್ಟಿ, ಆ ಫೈಲಿನಲ್ಲಿ ನಿನ್ನ ಹೆಸರಿದೆ, ನಾನು ಹುಡುಕಿ ನೋಡಿದೆ, ತಪ್ಪು ಮಾಡಿದೆ" ಅಂದೆ. ಪರೀಕ್ಷೆ ನಿನ್ನದೇನಾ ಅಂತ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಜನ ನೋಡಿದ್ದಾರೆ ಅಂಕಲ್?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಳೆ ಹತ್ತೂವರೆಗೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗುತ್ತಿದ್ದಾಳೆ, ಜೊತೆಗೆ ಬನ್ನಿ ಅಂದಿದ್ದಾಳೆ. ಕಾವಲು_ಬೆಂಗಳೂರು ಅವರೇ, ಫೈಲು ಗುಂಪಿಗೆ ಬಂದ ಸಮಯದ ಸ್ಕ್ರೀನ್‌ಶಾಟು ನನ್ನಲ್ಲಿದೆ, ಅದರಲ್ಲಿ ಯಾರ ಹೆಸರೂ ಕಾಣುವುದಿಲ್ಲ. ಅಷ್ಟು ಸಾಕೇ, ಬೇರೇನಾದರೂ ಒಯ್ಯಬೇಕೇ?